ಮಂಜಿನ ಮೇಲೊಂದು ಬಣ್ಣದ ಬಳೆ

ರಜೆಗೆ ಊರಿಗೆ ಹೊರಟಾಗ ಕಿಟಕಿ ಸೀಟು ಸಿಕ್ಕರೂ ನಾವು ಗಲ್ಫಿನವರು ಅರ್ಧ ದಾರಿ ನಿದ್ದೆಯಲ್ಲೇ ಕಳೆಯುತ್ತೇವೆ. ಹಗಲಿನ ವಿಮಾನವಾದರೆ ಒಮ್ಮೆ ಎಚ್ಚರವಿದ್ದು, ಸೂರ್ಯನಿಲ್ಲದ ಕಡೆಯ ಕಿಟಕಿಯಿಂದ ಕೆಳಗಿನ ಮೋಡ ನೋಡಿ. ಅದೃಷ್ಟವಿದ್ದರೆ ವಿಮಾನದ ನೆರಳಿನ ಜೊತೆ ಒಂದು ಬಣ್ಣದ ಬಳೆ ಓಡುತ್ತಿರುತ್ತದೆ. ಹೊರಗೆ ಕೆಂಪು, ಒಳಗೆ ನೀಲಿ. ಇದಕ್ಕೆ ‘ಗ್ಲೋರಿ’ ಎನ್ನುತ್ತಾರೆ. ಬಳೆಯ ನಡುಬಿಂದು ಪೈಲಟ್ ಕೂತಲ್ಲಲ್ಲ, ಬಿಸಿನೆಸ್ ಕ್ಲಾಸಿನಲ್ಲೂ ಅಲ್ಲ, ನಾವು ಕೂತ ಸೀಟಿನ ನೆರಳಲ್ಲಿ! ಟಿಕೆಟ್ ಎಷ್ಟೇ ಅಗ್ಗದ್ದಿರಲಿ.

ಮಂಜಿನ ಸಣ್ಣ ಹನಿಗಳ ಅಂಚಿಗೆ ಬಿದ್ದ ಬೆಳಕು ಒಳಗೆ ಸುತ್ತಿ, ಬಂದ ದಿಕ್ಕಿಗೇ ಮರಳುತ್ತದೆ. ಆ ಅಲೆಗಳು ಒಂದಕ್ಕೊಂದು ಬೆರೆತು ಉಂಗುರಗಳಾಗುತ್ತವೆ. ಹನಿ ಸಣ್ಣದಾದಷ್ಟೂ ಬಳೆ ದೊಡ್ಡದು.

ಜರ್ಮನಿಯ ಹಾರ್ಟ್ಸ್ ಪರ್ವತಗಳಲ್ಲಿ 1,141 ಮೀಟರ್ ಎತ್ತರದ ಬ್ರೋಕನ್ ಶಿಖರವಿದೆ. ಅಲ್ಲಿ ಮಂಜಿನ ಮೇಲೆ ಬಿದ್ದ ಮನುಷ್ಯನ ನೆರಳು ದೈತ್ಯನಂತೆ ಕಾಣುವುದನ್ನು 1780ರಲ್ಲಿ ಯೋಹಾನ್ ಸಿಲ್ಬರ್‌ಶ್ಲಾಗ್ ಬರೆದಿಟ್ಟ. ಅದಕ್ಕೇ ‘ಬ್ರೋಕನ್ ಭೂತ’ ಎಂಬ ಹೆಸರು. ನಮ್ಮ ಕರಾವಳಿಯ ಕೋಲದ ಭೂತವಲ್ಲ, ಇದು ಬಿಸಿಲೇರಿದರೆ ಓಡಿಹೋಗುವ ಪಾಪದ ಭೂತ. ಸ್ಕಾಟ್ಲೆಂಡಿನ ರೈತನ ಮಗ ಸಿ. ಟಿ. ಆರ್. ವಿಲ್ಸನ್ 1894ರಲ್ಲಿ ಬೆನ್ ನೆವಿಸ್ ಬೆಟ್ಟದ ವೀಕ್ಷಣಾಲಯದಲ್ಲಿ ಎರಡು ವಾರವಿದ್ದಾಗ ಇಂಥ ಬಳೆಗಳನ್ನು ಕಂಡು ಮರುಳಾದ. ಪ್ರಯೋಗಾಲಯದಲ್ಲೇ ಮೋಡ ಮಾಡಲು ಹೊರಟವನಿಗೆ ಕಣಗಳ ಜಾಡು ತೋರಿಸುವ ‘ಮೋಡದ ಪೆಟ್ಟಿಗೆ’ ಸಿಕ್ಕಿತು. 1927ರಲ್ಲಿ ನೊಬೆಲ್ಲೂ ಬಂತು.

ಒಂದೇ ರೂಮಿನ ನಾವು ಮೂವರಿಗೆ ಅಪರೂಪಕ್ಕೆ ಒಟ್ಟಿಗೆ ರಜೆ ಸಿಕ್ಕಾಗ ಮುಳ್ಳಯ್ಯನಗಿರಿಗೆ ಹೋಗಿದ್ದೆವು. ನಮ್ಮಲ್ಲೊಬ್ಬ ಊರು ಕಂಡು ನಾಲ್ಕು ವರ್ಷವಾಗಿತ್ತು. ಅಪ್ಪನ ಅಂತ್ಯಕ್ರಿಯೆಯನ್ನು ವಿಡಿಯೋ ಕಾಲಿನಲ್ಲಿ ನೋಡಿದವ. ಬೆಳಗಿನ ಬಿಸಿಲು ಬೆನ್ನಿಗೆ, ಕಣಿವೆ ತುಂಬ ಮಂಜು, ಅದರ ಮೇಲೆ ಮೂರು ಉದ್ದ ನೆರಳು. “ನನ್ನ ತಲೆಗೆ ಮಾತ್ರ ಬಳೆ ಇದೆ, ನಿಮಗಿಲ್ಲ” ಎಂದು ಅವ ಕೂಗಿದ. ನಮಗೆ ಕಂಡದ್ದೂ ಹಾಗೇ, ಅವರವರ ತಲೆಗೆ ಮಾತ್ರ. ಬಂದ ದಾರಿಯಲ್ಲೇ ಮರಳುವ ಬೆಳಕು ಪಕ್ಕದವನ ಕಣ್ಣಿಗೆ ಹೋಗುವುದಿಲ್ಲವಲ್ಲ.

ಅವ ಫೋಟೊ ತೆಗೆದು ಮನೆಗೆ ಕಳಿಸಿದ. “ನಿಮಗೊಬ್ಬರಿಗೇ ಯಾಕೆ? ಜೊತೆಯವರು ಬೇಜಾರು ಮಾಡಿಕೊಳ್ಳಲಿಲ್ಲವೇ?” ಎಂದು ಹೆಂಡತಿ ಕೇಳಿದಳಂತೆ. ಕೊನೆಗೆ ಒಬ್ಬೊಬ್ಬರೂ ಒಂದೊಂದು ತೆಗೆದೆವು. ಮೂರೂ ಫೋಟೊ ರೂಮಿನ ಗ್ರೂಪಿನಲ್ಲಿವೆ. ನೆರಳುಗಳು ಅವೇ ಮೂರು. ಬಳೆ ಮಾತ್ರ ಒಂದೊಂದರಲ್ಲಿ ಒಬ್ಬೊಬ್ಬನ ತಲೆಗೆ.