ಐದು ಎಲ್ಲಿ ಕೂತರೆ ಐನೂರು?

ಸಾಂಗ್ಲಿ, ಮಿರಜ್ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳು ಎಣಿಕೆಯನ್ನು ಎರಡು ಸಲ ಕಲಿಯುತ್ತಾರೆ. ಅಡುಗೆಮನೆಯಲ್ಲಿ ಕನ್ನಡದ್ದು, ಓಣಿಯಲ್ಲಿ ಮರಾಠಿಯದು. ಇಪ್ಪತ್ತೊಂದು ಎಂದಾಗ ಹತ್ತರ ಲೆಕ್ಕ ಮೊದಲು, ಬಿಡಿ ಆಮೇಲೆ, ಬರೆಯುವುದೂ ಹಾಗೆಯೇ. ಮರಾಠಿಯ ‘ಏಕವೀಸ’ದಲ್ಲಿ ಬಿಡಿ ಮುಂದೆ ಬರುತ್ತದೆ. 39ಕ್ಕಂತೂ ‘ಏಕೋಣಚಾಳೀಸ’, ಅಂದರೆ ನಲವತ್ತಕ್ಕೆ ಒಂದು ಕಡಿಮೆ. ಅದರಲ್ಲಿ ಮೂರೂ ಕೇಳಿಸದು, ಒಂಬತ್ತೂ ಕೇಳಿಸದು. ಮಗು ಮಾತ್ರ ಎರಡನ್ನೂ ಬರೆಯಬೇಕು.

2019ರಲ್ಲಿ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ಯ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ ಏಕ’ ಎಂದು ಓದುವ ಕ್ರಮವನ್ನೂ ಕೊಟ್ಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೆದ್ದಿತು. ಮಾತು ವಿಧಾನಸಭೆಗೂ ಹೋಯಿತು. ಗಣಿತ ಸಮಿತಿಯ ಅಧ್ಯಕ್ಷೆ ಮಂಗಲಾ ನಾರ್ಳೀಕರ್ ಮಾತ್ರ ಮಕ್ಕಳ ತೊಡಕನ್ನೇ ಮುಂದಿಟ್ಟು ಅದನ್ನು ಸಮರ್ಥಿಸಿಕೊಂಡರು. ಅವರು ಹೇಳಿದ್ದು ಸರಿ ಎಂದೇ ನನ್ನ ಎಣಿಕೆ. ಅವರು ತರಬಯಸಿದ ಅನುಕೂಲ ಕನ್ನಡದ ಮಗುವಿಗೆ ತಾಯಿಯ ಮಾತಿನಲ್ಲೇ ಸಿಕ್ಕಿದೆ.

ಹಾಗೆಂದು ಬೀಗುವಂತಿಲ್ಲ. ‘ನೂರಾ ಐದು ಬರಿ’ ಎಂದರೆ ನಮ್ಮ ಮಕ್ಕಳೂ 1005 ಬರೆಯುತ್ತಾರೆ. ನೂರು ಕೇಳಿಸಿತು, 100 ಬರೆದರು. ಐದು ಕೇಳಿಸಿತು, 5 ಬರೆದರು. ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದ ಮಗುವನ್ನು ಗದರಿಸಿ ಏನು ಬಂತು? ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಮೂರು ಬೆರಳಗಲದ ಪಟ್ಟಿಯ ಮೇಲೆ 100, ಒಂದು ಬೆರಳಗಲದ ತುಂಡಿನ ಮೇಲೆ 5 ಬರೆದು ಕೊಡಿ. ಐದನ್ನು ಕೊನೆಯ ಸೊನ್ನೆಯ ಮೇಲೆ ಕೂರಿಸಿದರೆ 105. ಮೇಲಿನ ತುಂಡು ಎತ್ತಿ ನೋಡಿದರೆ ಸೊನ್ನೆ ಕೆಳಗೇ ಇದೆ. ಮಕ್ಕಳು ಅದನ್ನು ಎತ್ತಿ, ಇಟ್ಟು, ಮತ್ತೆ ಎತ್ತಿ ನೋಡುತ್ತಲೇ ಇರುತ್ತಾರೆ. ನೋಡಲಿ, ಅವಸರವೇನು!

ಇನ್ನೊಂದು ಆಟಕ್ಕೆ ಸುಣ್ಣದ ಕಡ್ಡಿ, ಹತ್ತು ಚೀಟಿ ಸಾಕು. ನೆಲದ ಮೇಲೆ ಪ್ರತಿಯೊಬ್ಬರೂ ಮೂರು ಮನೆ ಬರೆಯುವುದು: ನೂರು, ಹತ್ತು, ಬಿಡಿ. ಸೊನ್ನೆಯಿಂದ ಒಂಬತ್ತರವರೆಗಿನ ಚೀಟಿಗಳಲ್ಲಿ ಒಂದೊಂದಾಗಿ ಎತ್ತುವುದು. ಬಂದ ಅಂಕಿಯನ್ನು ಆಗಲೇ ಯಾವುದಾದರೂ ಮನೆಗೆ ಹಾಕಬೇಕು. ದೊಡ್ಡ ಸಂಖ್ಯೆ ಮಾಡಿದವರು ಗೆದ್ದರು. ಮೊದಲು ನಾಲ್ಕು ಬಂತೆನ್ನಿ. ಒಬ್ಬ ದುಡುಕಿ ಅದನ್ನು ನೂರರ ಮನೆಗೆ ಹಾಕಿದ, ಇನ್ನೊಬ್ಬಳು ಹತ್ತರ ಮನೆಗೆ ಹಾಕಿ ಕಾದಳು. ಮುಂದಿನ ಚೀಟಿ ಒಂಬತ್ತು!

“ಅಕ್ಕೋರ, ನಾಲ್ಕು ಈಚಿಗೆ ಸರಿಸ್ಲೇನ್ರಿ?”

“ಇಲ್ಲಪ್ಪಾ, ಕುಂತದ್ದು ಕುಂತಂಗ ಇರ್ಲಿ.”

ಕೊನೆಗೆ ಒಂದು ಬಂತು. ಅವನದು 491, ಅವಳದು 941. ಮೂರೂ ಚೀಟಿ ಅವೇ, ಅಂತರ 450. ಸ್ಥಾನಬೆಲೆ, ಮುಖಬೆಲೆ ಎಂಬ ಮಾತುಗಳನ್ನು ಇದಾದ ಮೇಲೆ ಹೇಳಿದರೆ ಸಾಕು.

ಚೀಟಿ ಎತ್ತಿಡುವ ಮುನ್ನ ದೇವಳಾಲಿಯ ಶಾಲಾಮಾಸ್ತರ ಡಿ. ಆರ್. ಕಾಪ್ರೇಕರರನ್ನು ನೆನೆಯೋಣ. 941ರಲ್ಲಿ ಅವೇ ಅಂಕಿಗಳ ಅತಿ ಚಿಕ್ಕ ಸಂಖ್ಯೆ 149 ಕಳೆದರೆ 792. ಅದರ ಅಂಕಿಗಳನ್ನೂ ಹಾಗೆಯೇ ದೊಡ್ಡದು, ಚಿಕ್ಕದು ಮಾಡಿ ಕಳೆಯುತ್ತ ಹೋದರೆ 693, 594, ಆಮೇಲೆ 495. ಅಲ್ಲಿಂದ ಮುಂದೆ ಅದು ಅಲುಗುವುದಿಲ್ಲ. ನಾಲ್ಕಂಕಿಯಲ್ಲಿ ಹೀಗೆ ನಿಲ್ಲುವ 6174ನ್ನು ಅವರು 1949ರಲ್ಲಿ ಕಂಡುಕೊಂಡರು. ನಾಲ್ಕನೇ ಇಯತ್ತೆಯ ಮಕ್ಕಳಿಗೆ ಕಳೆಯುವ ಲೆಕ್ಕವನ್ನು ಬೇಸರವಿಲ್ಲದೆ ಮಾಡಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಲೆಕ್ಕವನ್ನು ಒಗಟಾಗಿ ಒಡ್ಡುವುದು ನಮಗೇನು ಹೊಸದೇ? ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟವನು, ಲೆಕ್ಕಗಳನ್ನು ಪದ್ಯದಲ್ಲಿ ಕೇಳಿದವನು. ಗಡಿಯ ಮಕ್ಕಳಿಗೆ ನಾನು ಕೇಳುವ ಒಗಟು ಸಣ್ಣದು: ಎಡಗಡೆಯವ ಬಲಗಡೆಯವನ ಇಮ್ಮಡಿ, ಇಬ್ಬರೂ ಕೂಡಿದರೆ ಒಂಬತ್ತು, ಜಾಗ ಅದಲುಬದಲಾದರೆ 27 ನಷ್ಟ. ಯಾರವರು? ಉತ್ತರ 63, ತಿರುವಿದರೆ 36. ಇಲ್ಲಿ ಮರಾಠಿಯ ಸೊಗಸು ಕೂಡಿಕೊಳ್ಳುತ್ತದೆ. ಒಬ್ಬರಿಗೊಬ್ಬರು ಆಗದವರನ್ನು ಅವರು ‘ಛತ್ತೀಸಚಾ ಆಕಡಾ’ ಎನ್ನುತ್ತಾರೆ, ಏಕೆಂದರೆ ನಾಗರಿಯ 36ರಲ್ಲಿ ಮೂರಕ್ಕೂ ಆರಕ್ಕೂ ಬೆನ್ನು ಬೆನ್ನು. ಜಾಗ ಬದಲಾಯಿಸಿ 63 ಬರೆದರೆ ಎದುರುಬದುರು! ಎರಡೂ ಭಾಷೆ ಬಲ್ಲ ಮಗುವಿಗೆ ಈ ಒಗಟಿನಲ್ಲಿ ಎರಡು ಪಾಲು ಸಂತೋಷ.

ಮಿರಜ್, ಜತ್ತ ತಾಲೂಕುಗಳಲ್ಲಿ ಕನ್ನಡದಲ್ಲಿ ಕಲಿಸುತ್ತಿರುವ ಗುರುಗಳಲ್ಲಿ ನನ್ನದೊಂದು ವಿನಂತಿ. ಸ್ಥಾನಬೆಲೆಯ ಕೋಷ್ಟಕವನ್ನು ಹಲಗೆಗೆ ಬರೆಯುವ ಮೊದಲು ನಾಲ್ಕು ದಿನ ಆಡಿಸಿ. ಬಂದ ಸಂಖ್ಯೆಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಿಸಿ. ಊರಿನವರೂ ಮದುವೆ ಮುಗಿದ ಮೇಲೆ ಲಗ್ನಪತ್ರಿಕೆಗಳನ್ನು ಎಸೆಯಬೇಡಿ, ಶಾಲೆಗೆ ಕೊಡಿ.