ಅಮ್ಮನ ಮಣೆ

ಮದುವೆಯ ಮನೆಯಲ್ಲಿ ಊಟದ ರುಚಿಯಷ್ಟೇ ಸೂಕ್ಷ್ಮವಾದ ವಿಷಯ ಮತ್ತೊಂದಿದೆ. ಅದು ಕೂರುವ ಜಾಗ. ಬೀಗರಿಗೆ ಹಾಸಿದ ಜಮಖಾನದ ಅಂಚು ಮಡಿಸಿಕೊಂಡಿದ್ದರೂ ಸಾಕು, ಸಂಬಂಧದಲ್ಲಿಯೇ ಮಡಿಕೆ ಬಿದ್ದೀತು! ವರನ ತಂದೆತಾಯಿಯರನ್ನು ಎದುರುಗೊಂಡು, ಕಾಲಿಗೆ ನೀರು ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಬೇಕು. ಹೆಣ್ಣು ಹೆತ್ತವರಿಗೆ ದಿನವೆಲ್ಲ ಓಡಾಟ. ಅವರು ಗೌರವದಿಂದ ಕೂರುವುದು ಧಾರೆಯ ಹೊತ್ತಿನಲ್ಲಿ ಮಾತ್ರ. ತಂದೆಯು ಮಗಳ ಕೈಯನ್ನು ವರನ ಕೈಯಲ್ಲಿರಿಸುವಾಗ ತಾಯಿ ಪಕ್ಕದಲ್ಲಿ ಕುಳಿತು ನೀರೆರೆಯುತ್ತಾಳೆ. ಆ ಎರಡು ಮಣೆಗಳು ಅವರ ಪಾಲಿನ ಸಿಂಹಾಸನಗಳೆಂದರೆ ತಪ್ಪಾಗಲಾರದು.

1974ರಲ್ಲಿ ನನ್ನ ಅಕ್ಕನ ಮದುವೆಯಾಯಿತು. ನಾನಾಗ 12 ವರ್ಷದ ಹುಡುಗ. ತಂದೆಯವರು ತೀರಿಕೊಂಡು ಆರು ವರ್ಷಗಳಾಗಿದ್ದವು. ಹಪ್ಪಳ ಸಂಡಿಗೆ ಮಾಡಿ, ಬಟ್ಟೆ ಹೊಲಿದು ನಮ್ಮನ್ನು ಸಾಕಿದವಳು ಅಮ್ಮ. ಧಾರೆಯ ಮಣೆಯ ಮೇಲೆ ಕುಳಿತವರು ದೊಡ್ಡಪ್ಪ, ದೊಡ್ಡಮ್ಮ. ಅಂದಿನ ಪದ್ಧತಿಯೇ ಹಾಗೆ. ಗಟ್ಟಿಮೇಳ ಮೊಳಗಿದಾಗ ನಾನು ಅಮ್ಮನನ್ನು ಹುಡುಕಿದೆ. ಆಕೆ ಉಗ್ರಾಣದ ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದಳು. "ಬಾಮ್ಮ, ಅಲ್ಲಿಗೆ ಹೋಗೋಣ" ಎಂದು ಸೆರಗು ಹಿಡಿದೆಳೆದೆ. "ಬೇಡ ಮಗು, ನನಗೆ ಇಲ್ಲಿಂದಲೇ ಕಾಣುತ್ತದೆ" ಎಂದಳು. ಕಣ್ಣ ತುಂಬ ನೀರಿರುವಾಗ ಏನು ತಾನೆ ಕಂಡೀತು?

ಮುಂದೆ ಕಾಲೇಜಿನಲ್ಲಿ ಯಾಜ್ಞವಲ್ಕ್ಯ ಸ್ಮೃತಿಯ ಪರಿಚಯವಾಯಿತು. ಕನ್ಯೆಯನ್ನು ಕೊಡುವ ಅಧಿಕಾರವುಳ್ಳವರನ್ನು ಅಲ್ಲಿ ಎಣಿಸಿದೆ: ತಂದೆ, ತಾತ, ಸೋದರ, ಕುಲದ ಬಂಧು, ಕಡೆಯಲ್ಲಿ ತಾಯಿ. ಸಾಲಿನ ಕಡೆಯಲ್ಲಾದರೂ ತಾಯಿಗೊಂದು ಸ್ಥಾನವಿದೆಯಲ್ಲ!

1988ರಲ್ಲಿ ತಂಗಿಯ ಮದುವೆ ಬಂದಿತು. ಧಾರೆಯೆರೆಯಬೇಕಾದವನು ಅಣ್ಣನಾದ ನಾನು. ಅಮ್ಮ ಪಕ್ಕದಲ್ಲಿ ಕುಳಿತು ನೀರೆರೆಯಬಹುದೇ ಎಂದು ವೃದ್ಧ ಪುರೋಹಿತರನ್ನು ಅಳುಕುತ್ತಲೇ ಕೇಳಿದೆ. ಅವರು ಕ್ಷಣಕಾಲ ಯೋಚಿಸಿ, "ಹೆತ್ತವಳ ಕೈಯಲ್ಲಿ ಅಮಂಗಳ ಎಲ್ಲಿಂದ ಬಂದೀತಪ್ಪ? ಮಣೆ ಹಾಕಿಸು" ಎಂದರು. ಅಮ್ಮ ಒಪ್ಪಲಿಲ್ಲ; ಉಗ್ರಾಣದತ್ತ ಸರಿದಳು. ಆಗ ದೊಡ್ಡಮ್ಮ ತಾವೇ ಹೋಗಿ ಆಕೆಯ ಕೈಹಿಡಿದರು. "ಅಂದು ನಿನ್ನ ಜಾಗದಲ್ಲಿ ಕುಳಿತಾಗ ನನಗೆ ಮುಳ್ಳಿನ ಮೇಲೆ ಕುಳಿತಂತಾಗಿತ್ತು. ಬಾ, ಏಳು" ಎಂದರು.

ಚಪ್ಪರದ ಮೂಲೆಯಲ್ಲಿ ಕೆಲವರು ಪಿಸುಗುಟ್ಟಿದರು. ಅಮ್ಮನ ಕೈ ನಡುಗಿತು. ಆದರೆ ನೀರು ಮಾತ್ರ ತಂಗಿಯ ಕೈಮೇಲೆ ಧಾರೆ ಕಡಿಯದೆ ಬಿದ್ದಿತು.

ಈಗಲೂ ಮದುವೆಯ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಬಾಗಿಲ ಸಂದಿಗಳನ್ನು ಹುಡುಕುತ್ತದೆ. ಅಲ್ಲಿ ಯಾರೂ ನಿಂತಿಲ್ಲವೆಂದು ತಿಳಿದ ಮೇಲೆಯೇ ಗಟ್ಟಿಮೇಳ ನನಗೆ ಇಂಪಾಗಿ ಕೇಳಿಸುತ್ತದೆ.