ಕಡಿದುಳಿದ ಕಾಡು

ಸಂಜೆಯಲ್ಲಿ ಮನೆಗೆ ಧೂಪವನ್ನು ಹಾಕತಕ್ಕ ನಮ್ಮ ಸೋದರಿಯರಲ್ಲಿ ಆ ಧೂಪದ ಮರವನ್ನು ಕಣ್ಣಾರೆ ಕಂಡವರು ವಿರಳ. ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡಿನಲ್ಲಿ ಅದು ಮಹಾವೃಕ್ಷವಾಗಿ ಬೆಳೆಯುವುದು. ಅದರ ಅಂಟಿಗೆ ಸಂಸ್ಕೃತದಲ್ಲಿ ಸರ್ಜರಸವೆಂದು ಹೆಸರು. ಸಾಲವೃಕ್ಷದ ಅಂಟಿಗೂ ಅದೇ ಹೆಸರನ್ನು ಕೊಡುವವರುಂಟು; ಆ ಕಲಹವು ವೈದ್ಯರಿಗೂ ಕೋಶಕಾರರಿಗೂ ಇರಲಿ.

ರೈಲುದಾರಿಯ ಅಡಿಪಟ್ಟಿಗಳಿಗೂ ಪ್ಲೈವುಡ್ಡಿಗೂ ಇಂತಹ ಮರಗಳನ್ನು ಆರಿಸಿ ಕಡಿದ ಕಾಲವೊಂದಿತ್ತು. ಕೊಡಗಿನ ಕಡಮಕಲ್ಲು ರಕ್ಷಿತಾರಣ್ಯದ ಕೆಲವು ಭಾಗಗಳಲ್ಲಿ 1970ರ ದಶಕದಲ್ಲಿ ಹಾಗೆ ಕಡಿದರು. ಕಾಗದದಲ್ಲಿ ಆರಿಸಿದ ಮರ ಮಾತ್ರವೇ ಬೀಳುವುದು. ಕಾಡಿನಲ್ಲಿಯಾದರೋ ಒಂದು ಹೆಮ್ಮರವು ಉರುಳುವಾಗ ಬಳ್ಳಿಗಳಿಂದ ಬಿಗಿದ ನೆರೆಮರಗಳನ್ನೂ ಎಳೆದುಕೊಂಡೇ ಉರುಳುವುದು. ದಿಮ್ಮಿಗಳನ್ನೆಳೆದ ಹಾದಿಯ ಮಣ್ಣು ಗಟ್ಟಿಯಾಗಿ, ಬಿದ್ದ ಬೀಜವು ಬೇರೂರಲು ಬಹುಕಾಲ ಹೆಣಗುವುದು. 1990ರ ಸುಮಾರಿನಿಂದ ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿದ್ವಾಂಸರು ಆ ಕಾಡಿನ ಉಪ್ಪಂಗಳದಲ್ಲಿ ಮರಮರವನ್ನೂ ಗುರುತಿಸಿ ಸುತ್ತಳತೆಯನ್ನು ಅಳೆಯುತ್ತ ಬಂದರು. ಇಂತಹ ತಾಳ್ಮೆಗೆ ನಾವು ತಲೆವಾಗುತ್ತೇವೆ.

ಬಿಸಿಲು ಬಿದ್ದ ತೆರಪಿನಲ್ಲಿ ಮೊದಲು ಏಳತಕ್ಕದ್ದು ಉಪ್ಪಳಿಗೆ. ದಕ್ಷಿಣ ಕನ್ನಡದ ಗೃಹಿಣಿಯರು ಹಲಸಿನ ಗಟ್ಟಿಯನ್ನು ಮಡಿಸಿ ಬೇಯಿಸುವ ಎಲೆ ಇದರದೇ. ಇದು ಬೇಗನೆ ಬೆಳೆದು ಬೇಗನೆ ಸಾಯುವ ಜಾತಿ. ಅದರ ನೆರಳಿನಲ್ಲಿ, ಮೊದಲೇ ಮೊಳೆತು ಬೆಳಕಿಗಾಗಿ ಕಾದಿದ್ದ ಧೂಪದ ಸಸಿಗಳು ಮೆಲ್ಲಮೆಲ್ಲನೆ ಮೇಲೇರುವುವು. ಹಸುರು ಚಪ್ಪರವು ಕೆಲವು ದಶಕಗಳಲ್ಲಿ ಮುಚ್ಚಿಕೊಳ್ಳಬಹುದು. ತಬ್ಬಲಾಗದ ಕಾಂಡಗಳಿಗೆ ಅಷ್ಟು ಕಾಲ ಸಾಲದು.

"ದೊಡ್ಡ ಮರ ಹೋದ ಮೇಲೆ ಅದೆಂತಹ ಕಾಡು ಮೇಷ್ಟ್ರೇ? ಸವರಿ ಅಕೇಶಿಯ ಹಾಕುವುದೇ ಲೇಸು" ಎಂದು ನಮ್ಮ ಹಳೆಯ ಶಿಷ್ಯನೊಬ್ಬನು ವಾದಿಸಿದನು. ಈ ಮಾತೇ ಕೊಡಲಿಗಿಂತ ಹರಿತವೆಂದು ನಮಗೆ ತೋರುವುದು. ಬೋರ್ನಿಯೊ ದ್ವೀಪದಲ್ಲಿ ಕಡಿದುಳಿದ ಕಾಡುಗಳೆಷ್ಟೋ ಎಣ್ಣೆತಾಳೆಯ ತೋಟಗಳಾಗಿ ಹೋದುವು. 2012ರಲ್ಲಿ ನಾನಾ ದೇಶಗಳ ನೂರಕ್ಕೂ ಹೆಚ್ಚು ಬರಹಗಳನ್ನು ಕೂಡಿಸಿ ನೋಡಿದವರ ಲೆಕ್ಕದಂತೆ, ಆರಿಸಿ ಕಡಿದ ಉಷ್ಣವಲಯದ ಕಾಡಿನಲ್ಲಿ ಪ್ರಾಣಿ, ಪಕ್ಷಿ, ಕೀಟ, ಸಸ್ಯಗಳ ಜಾತಿಗಳು ನೂರಕ್ಕೆ 85ರಿಂದ 100ರವರೆಗೆ ಉಳಿದಿರುವುವು. ಒಂದೇ ಸಲ ಕಡಿದಿದ್ದರೆ ಇಂಗಾಲದಲ್ಲಿಯೂ ನೂರಕ್ಕೆ 76 ಪಾಲು ಅಲ್ಲಿಯೇ ಇರುವುದು. ಇದನ್ನು ಹಾಳು ಕಾಡೆನ್ನಬಹುದೆ?

ಆದರೂ ಶಿಷ್ಯನ ಮಾತಿನಲ್ಲಿ ಒಂದಂಶ ನಿಜ. ಮಂಗಟ್ಟೆಹಕ್ಕಿಯು ಮುದಿಮರದ ಪೊಟರೆಯಲ್ಲಿಯೇ ಗೂಡುಮಾಡುವುದು. ಕಾಡುಜಾಯಿಕಾಯಿಯ ಬೀಜವನ್ನು ದೂರಕ್ಕೊಯ್ಯುವುದೂ ಅದೇ. ಇನ್ನು ಧೂಪದ ಬೀಜವನ್ನು ಡಬ್ಬಿಯಲ್ಲಿ ಕಾದಿಟ್ಟು ಬೇಕಾದಾಗ ಬಿತ್ತುವಂತಿಲ್ಲ. ಒಣಗಿದರೆ ಅದು ಸತ್ತಿತು. ಬಿದ್ದ ಮಳೆಗಾಲದಲ್ಲಿಯೇ, ತಾಯಿಮರದಿಂದ ಬಹುದೂರ ಹೋಗದೆ ಅದು ಮೊಳೆಯಬೇಕು; ಆದುದರಿಂದ ಗುಡ್ಡಕ್ಕೆ ನಾಲ್ಕಾದರೂ ತಾಯಿಮರಗಳನ್ನು ಕಡಿಯುವವರು ಬಿಟ್ಟಿದ್ದರೋ ಇಲ್ಲವೋ ಎಂಬುದನ್ನೇ ಮೊದಲು ನೋಡಿ ಬಾ ಎಂದು ಅವನಿಗೆ ಹೇಳಿ ಕಳುಹಿಸಿದ್ದೇವೆ.